ಕುರ್ಚಿಯಿಂದ ಶುರುಮಾಡಿ: ಊರಿನ, ಕಾಲೇಜಿನ ಗ್ರಂಥಾಲಯದ ನಕ್ಷೆ ಹಾಕುವ ಬಗೆ

ಗ್ರಂಥಾಲಯ ಕಟ್ಟಿಸಬೇಕು ಅಂತ ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಎಲಿವೇಶನ್ ಹೇಗಿರುತ್ತೆ ಅಂತ. ಮುಂದೆ ಕಂಬ ಬರಬೇಕಾ, ಗಾಜು ಹಾಕೋಣವಾ, ಹೆಸರಿನ ಬೋರ್ಡು ಎಲ್ಲಿ, ಉದ್ಘಾಟನೆಯ ಕಲ್ಲು ಎಲ್ಲಿ. ನಾನು ಶಿವಮೊಗ್ಗದಲ್ಲಿ ಆರ್ಕಿಟೆಕ್ಟ್. ಮಲೆನಾಡು, ಕರಾವಳಿ, ಬಯಲುಸೀಮೆ ಮೂರೂ ಕಡೆ ಸಣ್ಣ ಗ್ರಂಥಾಲಯಗಳ ಕೆಲಸ ಮಾಡಿದ್ದೇನೆ. ನಾನು ಮೊದಲು ಕೇಳುವ ಪ್ರಶ್ನೆಗಳೇ ಬೇರೆ. ಒಂದೇ ಹೊತ್ತಿಗೆ ಎಷ್ಟು ಜನ ಕೂರುತ್ತಾರೆ? ಅವರು ಯಾರು? ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಏಳುತ್ತಾರೆ? ಇದಕ್ಕೆ ಉತ್ತರ ಸಿಗುವವರೆಗೆ ಪೆನ್ಸಿಲ್ ಮುಟ್ಟಬೇಡಿ.

ಈ ಮಾತು ಈಗ ತುಂಬಾ ಜನರಿಗೆ ಬೇಕಾಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಅಂಥವು ರಾಜ್ಯದಲ್ಲಿ 5,000ಕ್ಕೂ ಹೆಚ್ಚಿವೆ. ಅರಿವು ಕೇಂದ್ರ ಅನ್ನುವುದು ಈಗಿನ ಹೆಸರು. ಎಷ್ಟೋ ಕಡೆ ಅದು ಹಳೇ ಕಟ್ಟಡದ ಒಂದು ಕೋಣೆ. ಹೊಸದು ಕಟ್ಟುವ ಅವಕಾಶ ಊರಿಗೆ ಒಂದು ಸಲ ಬರುತ್ತದೆ. ಅದನ್ನು ಎಲಿವೇಶನ್‌ಗೆ ಸುರಿದುಬಿಟ್ಟರೆ ಮುಂದಿನ ಮೂವತ್ತು ವರ್ಷ ಮಕ್ಕಳು ಕತ್ತಲಲ್ಲಿ ಕೂತು ಓದಬೇಕು.

ಇಡೀ ಕೆಲಸದಲ್ಲಿ ನಿಜವಾದ ಕಷ್ಟ ಒಂದೇ. ಪುಸ್ತಕಕ್ಕೆ ನೆರಳು ಬೇಕು, ಒಣ ಜಾಗ ಬೇಕು. ಓದುವವರಿಗೆ ಬೆಳಕು ಬೇಕು, ಗಾಳಿ ಬೇಕು. ಒಂದೇ ಸೂರಿನಡಿ ಇಬ್ಬರಿಗೂ ಬೇಕಾದ್ದನ್ನು ಕೊಡಬೇಕು. ಮುಂದೆ ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಬರುವವರು ಯಾರು ಅಂತ ನೋಡಿ

ಹೊಸದು ಕಟ್ಟುವ ಮುಂಚೆ ಈಗಿರುವ ಗ್ರಂಥಾಲಯದಲ್ಲಿ ಒಂದು ಪೂರ್ತಿ ದಿನ ಕೂತು ನೋಡಿ. ಬೆಳಿಗ್ಗೆ ಹಿರಿಯರು ಪೇಪರ್ ಓದಲು ಬರುತ್ತಾರೆ. ಓದಿದ್ದನ್ನು ಮಾತಾಡದೆ ಅವರಿಗೆ ಆಗುವುದಿಲ್ಲ. ಅದು ತಪ್ಪೂ ಅಲ್ಲ. ಅವರ ಹಿಂದೆಯೇ ಕೆಪಿಎಸ್‌ಸಿ, ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಇವರು ತಮ್ಮ ಪುಸ್ತಕ ತಾವೇ ತರುತ್ತಾರೆ. ಇವರಿಗೆ ಬೇಕಾಗಿರುವುದು ಕುರ್ಚಿ, ಮೇಜು, ಮೌನ, ಮೊಬೈಲಿಗೆ ಒಂದು ಪ್ಲಗ್ ಪಾಯಿಂಟ್. ಕೂತರೆ ಸಂಜೆಯವರೆಗೂ ಏಳುವುದಿಲ್ಲ. ನಾಲ್ಕು ಗಂಟೆಗೆ ಸ್ಕೂಲು ಬಿಟ್ಟ ಮೇಲೆ ಮಕ್ಕಳು ಓಡಿಬರುತ್ತಾರೆ.

ಈ ಮೂರೂ ಗುಂಪನ್ನು ಒಂದೇ ಹಾಲಿನಲ್ಲಿ ಕೂರಿಸಿದರೆ ದಿನಾ ಜಗಳ. ಗ್ರಂಥಪಾಲಕರು ಪಾಪ, ಶ್‌ ಶ್‌ ಅಂತ ಹೇಳುವುದರಲ್ಲೇ ದಿನ ಕಳೆಯುತ್ತಾರೆ. ಇದಕ್ಕೆ ಬೇರೆ ಬೇರೆ ಕೋಣೆ ಕಟ್ಟಬೇಕಾಗಿಲ್ಲ. ಪೇಪರ್ ಓದುವವರಿಗೆ ಮುಂದೆ ಜಗಲಿ ಕೊಡಿ. ನಮ್ಮ ಮನೆಗಳಲ್ಲಿ ಇದ್ದಂಥದ್ದೇ ಜಗಲಿ: ಮೇಲೆ ಮಾಡು, ಒರಗಲು ಗೋಡೆ, ಒಂದೂವರೆ ಅಡಿ ಎತ್ತರದ ಕಟ್ಟೆ. ಅಗಲ 8 ಅಡಿಗೆ ಕಡಿಮೆ ಬೇಡ. ಪೇಪರ್ ಪೂರ್ತಿ ಬಿಚ್ಚಿದರೆ ಎರಡು ಅಡಿಗಿಂತ ಜಾಸ್ತಿ ಅಗಲವಾಗುತ್ತದೆ. ಇಬ್ಬರು ಅಕ್ಕಪಕ್ಕ ಕೂತರೆ ಮೊಣಕೈ ತಾಗುತ್ತದೆ. ಅದಕ್ಕೆ ಗೋಡೆಗೆ ಇಳಿಜಾರಾದ ಹಲಗೆ ಹೊಡೆಸಿ. ನಿಂತೇ ಓದುವವರೂ ಇರುತ್ತಾರೆ.

ಮಕ್ಕಳ ಜಾಗ ಬಾಗಿಲ ಹತ್ತಿರವೇ ಇರಲಿ. ಒಳಗಿನ ಮೂಲೆಗೆ ಹಾಕಿದರೆ ಎಲ್ಲರನ್ನೂ ದಾಟಿಕೊಂಡು ಓಡಬೇಕಾಗುತ್ತದೆ. ಅವರಿಗೆ ಕುರ್ಚಿಗಿಂತ ನೆಲ ಒಳ್ಳೆಯದು. ನುಣುಪಾಗಿ ತಿಕ್ಕಿದ ರೆಡ್ ಆಕ್ಸೈಡ್ ನೆಲ, ಮೇಲೆ ಚಾಪೆ. ಪುಸ್ತಕದ ರ‍್ಯಾಕ್ 3 ಅಡಿ ಎತ್ತರ ಸಾಕು. ಪುಸ್ತಕದ ಮುಖ ಕಾಣುವಂತೆ ಜೋಡಿಸಲು ಬರಬೇಕು, ಬೆನ್ನು ನೋಡಿ ಮಕ್ಕಳು ಪುಸ್ತಕ ಆರಿಸುವುದಿಲ್ಲ. ಕಿಟಕಿಯ ಕೆಳಗಿನ ಕಟ್ಟೆಯನ್ನು ಒಂದೂವರೆ ಅಡಿಗೆ ಇಳಿಸಿ ಅಗಲ ಮಾಡಿದರೆ ಅದೇ ಅವರ ಪ್ರೀತಿಯ ಜಾಗವಾಗುತ್ತದೆ. ಗ್ರಿಲ್ ಮಾತ್ರ ಮರೆಯಬೇಡಿ.

ಮಹಾರಾಷ್ಟ್ರದ ಕೋಪರ್‌ಗಾಂವ್‌ನ ಶಾಲೆಯೊಂದರಲ್ಲಿ ಸಮೀಪ್ ಪಡೋರಾ ಅವರ ತಂಡ 2018ರಲ್ಲಿ ಮುಗಿಸಿದ ಮಾಯಾ ಸೋಮೈಯಾ ಗ್ರಂಥಾಲಯದ ಫೋಟೋ ಹಿಡಿದುಕೊಂಡು ಬರುವವರಿದ್ದಾರೆ. ತೆಳು ಇಟ್ಟಿಗೆಯ ಕಮಾನು ಮಾಡು, ಅದರ ಮೇಲೆ ಮಕ್ಕಳು ನಡೆದಾಡಬಹುದು. ನನಗೂ ತುಂಬಾ ಇಷ್ಟವಾದ ಕೆಲಸ. ಆದರೆ ಅದು ಮಳೆ ಕಡಿಮೆ ಇರುವ ಸೀಮೆ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಕಡೆ ಅದನ್ನೇ ತಂದಿಟ್ಟರೆ ಸೋರುತ್ತದೆ. ಅಲ್ಲಿಂದ ಕಲಿಯಬೇಕಾದ್ದು ಆಕಾರವನ್ನಲ್ಲ, ಮಗು ಇದು ನನ್ನ ಜಾಗ ಅಂದುಕೊಳ್ಳುವ ಹಾಗೆ ಕಟ್ಟಿದ ರೀತಿಯನ್ನು.

ಹುಡುಗಿಯರ ಬಗ್ಗೆ ಒಂದು ಮಾತು. ಅವರು ಜಾಸ್ತಿ ಹೊತ್ತು ಕೂತು ಓದಬೇಕು ಅಂದರೆ ಒಳಗಿನಿಂದಲೇ ಹೋಗಬಹುದಾದ, ದೀಪ ಇರುವ, ನೀರು ಬರುವ ಶೌಚಾಲಯ ಬೇಕು. ಕಟ್ಟಡದ ಹಿಂದೆ ಸುತ್ತಿಕೊಂಡು ಹೋಗುವಂಥದ್ದು ಕಟ್ಟಿದರೆ ಕಟ್ಟದ ಹಾಗೆಯೇ. ದುಡ್ಡು ಸಾಲದು ಅಂದಾಗ ಮೊದಲು ಹೊಡೆದುಹಾಕುವುದು ಇದನ್ನೇ. ನಾನು ಇದರಲ್ಲಿ ಯಾವತ್ತೂ ಬಿಟ್ಟುಕೊಡುವುದಿಲ್ಲ. ನೀವೂ ಬಿಟ್ಟುಕೊಡಬೇಡಿ.

ಲೆಕ್ಕ

ಒಬ್ಬ ಓದುಗರಿಗೆ ಮೇಜು, ಕುರ್ಚಿ, ಓಡಾಡುವ ದಾರಿ ಸೇರಿ 25 ಚದರ ಅಡಿ ಹಿಡಿಯಿರಿ. ಮೇಜಿನ ಮೇಲೆ ಒಬ್ಬರಿಗೆ 3 ಅಡಿ ಅಗಲ, 2 ಅಡಿ ಆಳ. ಒಂದು ಗೈಡು, ಒಂದು ನೋಟ್‌ಬುಕ್ಕು, ನೀರಿನ ಬಾಟಲಿ ಇಟ್ಟರೆ ಅಷ್ಟು ಬೇಕೇ ಬೇಕು. ಎದುರುಬದುರು ಕೂರುವ ನಾಲ್ಕು ಜನರ ಮೇಜು 6 ಅಡಿಗೆ 4 ಅಡಿ.

ರ‍್ಯಾಕ್ ಲೆಕ್ಕ ಹೀಗೆ. 3 ಅಡಿ ಉದ್ದದ ಒಂದು ಅರೆಯನ್ನು, ಅಂದರೆ ಶೆಲ್ಫನ್ನು, ಮುಕ್ಕಾಲು ಭಾಗ ತುಂಬಿದರೆ ಸುಮಾರು 25 ಪುಸ್ತಕ. ಐದು ಅರೆಯ, ಎರಡೂ ಕಡೆ ಜೋಡಿಸುವ ರ‍್ಯಾಕಿಗೆ 250. 5,000 ಪುಸ್ತಕಕ್ಕೆ 20 ರ‍್ಯಾಕ್. ರ‍್ಯಾಕಿನ ಆಳ ಒಂದೂವರೆ ಅಡಿ, ನಡುವಿನ ದಾರಿ ಮೂರೂವರೆ ಅಡಿ, ಎರಡೂ ಸೇರಿ 5 ಅಡಿ. ಅಡ್ಡ ದಾರಿಗಳನ್ನೂ ಸೇರಿಸಿದರೆ 500 ಚದರ ಅಡಿ ಬೇಕಾಗುತ್ತದೆ.

ಹಾಗಾಗಿ 30 ಕುರ್ಚಿ, 5,000 ಪುಸ್ತಕದ ಊರಿನ ಗ್ರಂಥಾಲಯಕ್ಕೆ: ಓದುವ ಜಾಗ 750, ರ‍್ಯಾಕ್ 500, ಮಕ್ಕಳಿಗೆ 150, ಗ್ರಂಥಪಾಲಕರಿಗೆ 100. ಒಟ್ಟು 1,500. ಗೋಡೆ, ಶೌಚಾಲಯ, ಓಡಾಟಕ್ಕೆ ಇನ್ನು ಕಾಲು ಭಾಗ. ಹೆಚ್ಚುಕಡಿಮೆ 1,900 ಚದರ ಅಡಿ, ಜಗಲಿ ಬೇರೆ. ಅಷ್ಟು ಜಾಗ ಇಲ್ಲ ಅಂದರೆ ಕುರ್ಚಿ ಕಡಿಮೆ ಮಾಡಬೇಡಿ. ಸಿಲಬಸ್ ಬದಲಾದ ಹಳೇ ಗೈಡುಗಳು, ಒಂದೇ ಪುಸ್ತಕದ ಹತ್ತಾರು ಪ್ರತಿಗಳು ಎಷ್ಟು ಜಾಗ ತಿನ್ನುತ್ತಿವೆ ಅಂತ ಗ್ರಂಥಪಾಲಕರ ಜೊತೆ ಕೂತು ನೋಡಿ.

ಕಂಬಗಳ ನಡುವಿನ ಅಂತರವನ್ನು ಈ 5 ಅಡಿಯ ಗುಣಕದಲ್ಲೇ ಇಡಿ, 15 ಅಡಿ ಅಥವಾ 20 ಅಡಿ. ಇಲ್ಲದಿದ್ದರೆ ದಾರಿಯ ನಡುವೆ ಕಂಬ ಬಂದು ನಿಲ್ಲುತ್ತದೆ.

ನಕ್ಷೆ ಒಪ್ಪುವ ಮುಂಚೆ ಒಂದು ಕೆಲಸ ಮಾಡಿ. ಯಾವುದಾದರೂ ಖಾಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ರ‍್ಯಾಕ್, ನಡುವಿನ ದಾರಿಯನ್ನು ಪೂರ್ತಿ ಅಳತೆಯಲ್ಲಿ ಬರೆಯಿರಿ. ಒಬ್ಬರು ಕುಕ್ಕರುಗಾಲಲ್ಲಿ ಕೂತು ಕೆಳಗಿನ ಅರೆಯ ಪುಸ್ತಕ ನೋಡುವ ಹಾಗೆ ಮಾಡಲಿ. ಇನ್ನೊಬ್ಬರು ಬ್ಯಾಗ್ ಹಾಕಿಕೊಂಡು ಅವರ ಹಿಂದೆ ದಾಟಲಿ. ದಾರಿ ಎರಡೂವರೆ ಅಡಿ ಇದ್ದರೆ ಕೂತವರು ಎದ್ದು ನಿಲ್ಲಲೇಬೇಕು. ಮೂರೂವರೆ ಅಡಿಯಲ್ಲಿ ಸ್ವಲ್ಪ ಓರೆಯಾಗಿ ದಾಟಬಹುದು. ಆಮೇಲೆ ವೀಲ್‌ಚೇರ್ ತಂದು ಓಡಿಸಿ ನೋಡಿ. ನೇರ ಹೋಗಲು 3 ಅಡಿ ಸಾಕು, ಆದರೆ ರ‍್ಯಾಕಿನ ಕೊನೆಯಲ್ಲಿ ತಿರುಗಲು 5 ಅಡಿ ಬೇಕು. ಕಾಗದದ ಮೇಲೆ ವಾದ ಮಾಡುತ್ತಿದ್ದ ಕಮಿಟಿಯವರು ಸೀಮೆಸುಣ್ಣದ ಗೆರೆಯ ನಡುವೆ ನಿಂತ ಕೂಡಲೇ ಒಪ್ಪುತ್ತಾರೆ. ಅದೇ ರೀತಿ ರ‍್ಯಾಂಪ್: ಒಂದು ಅಡಿ ಏರಲು 12 ಅಡಿ ಉದ್ದ. ಅದಕ್ಕಿಂತ ಕಡಿದಾಗಿದ್ದರೆ ಸುಮ್ನೆ ತೋರಿಕೆಗೆ ಕಟ್ಟಿದ್ದು ಅಂತಲೇ ಅರ್ಥ.

ಪುಸ್ತಕದ ಭಾರ

ಇದನ್ನು ಕಾಲೇಜಿನವರು ಗಮನವಿಟ್ಟು ಓದಿ. ಪುಸ್ತಕ ತುಂಬಿದ 3 ಅಡಿಯ ಅರೆ ಸುಮಾರು 30 ಕೆಜಿ ತೂಗುತ್ತದೆ. ಆರು ಅರೆಯ ಎರಡು ಮಗ್ಗುಲಿನ ರ‍್ಯಾಕ್ ಅಂದರೆ 360 ಕೆಜಿ, ಕಬ್ಬಿಣದ ತೂಕ ಬೇರೆ. ನಮ್ಮ ಭಾರತೀಯ ಮಾನಕದ ಪ್ರಕಾರ ಮನೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್ ಭಾರಕ್ಕೆ, ತರಗತಿ ಕೋಣೆಯನ್ನು 3ಕ್ಕೆ ಲೆಕ್ಕ ಹಾಕುತ್ತಾರೆ. ಪುಸ್ತಕದ ರ‍್ಯಾಕ್ ಇರುವ ಜಾಗಕ್ಕೆ 6 ಬೇಕು, ಅಂದರೆ ಸುಮಾರು 600 ಕೆಜಿ. ರ‍್ಯಾಕ್ 2.2 ಮೀಟರಿಗಿಂತ ಎತ್ತರ ಇದ್ದರೆ ಇನ್ನೂ ಜಾಸ್ತಿ.

ಎರಡನೇ ಮಹಡಿಯ ಎರಡು ಕ್ಲಾಸ್‌ರೂಮಿನ ನಡುಗೋಡೆ ಒಡೆದು ಲೈಬ್ರರಿ ಮಾಡುವ ಅಭ್ಯಾಸ ಎಷ್ಟೋ ಕಾಲೇಜುಗಳಲ್ಲಿದೆ. ಒಂದು ಕಡೆ ಹಾಗೆ ಮಾಡಿದ್ದಲ್ಲಿ ರ‍್ಯಾಕ್ ಸಾಲಿನ ನೇರಕ್ಕೆ ಕೆಳಗಿನ ಕೋಣೆಯ ಚಾವಣಿಯಲ್ಲಿ ಗೆರೆ ಎಳೆದ ಹಾಗೆ ಬಿರುಕು ಬಂದಿದ್ದನ್ನು ನಾನೇ ನೋಡಿದ್ದೇನೆ. ರ‍್ಯಾಕ್‌ಗಳು ನೆಲಮಹಡಿಯಲ್ಲಿರಲಿ, ಓದುವ ಹಾಲು ಬೇಕಾದರೆ ಮೇಲೆ ಹೋಗಲಿ. ಮೇಲೆಯೇ ಇಡಬೇಕು ಅಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ತೊಲೆ, ಸ್ಲ್ಯಾಬಿನ ಲೆಕ್ಕ ಹಾಕಿಸಿ, ಬರಹದಲ್ಲಿ ತೆಗೆದುಕೊಂಡ ಮೇಲೆಯೇ ಪುಸ್ತಕ ಸಾಗಿಸಿ. ಮೇಸ್ತ್ರಿ ಏನೂ ಆಗಲ್ಲ ಸಾರ್ ಅಂದರೆ ಅಷ್ಟಕ್ಕೇ ನಂಬಿಬಿಡಬೇಡಿ.

ಬೆಳಕು

ಉತ್ತರಕ್ಕೆ ದೊಡ್ಡ ಕಿಟಕಿ ಇಟ್ಟರೆ ಬಿಸಿಲು ಬರುವುದೇ ಇಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ದೆಹಲಿಯಲ್ಲಿ ಅದು ಹೆಚ್ಚುಕಡಿಮೆ ನಿಜ, ನಮ್ಮಲ್ಲಿ ಅಲ್ಲ. ಬೆಂಗಳೂರು, ಶಿವಮೊಗ್ಗದ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಕಲಬುರಗಿಯ ಕಡೆ ಆ ಅವಧಿ ಸ್ವಲ್ಪ ಕಡಿಮೆ. ಮೇ ತಿಂಗಳ ಬಿಸಿಲು ಅಂದರೆ ಗೊತ್ತಲ್ಲ? ಆದ್ದರಿಂದ ಉತ್ತರದ ಕಿಟಕಿಗೂ ಒಂದೂವರೆ ಅಡಿಯ ಚಜ್ಜಾ, ಅಂದರೆ ಕಿಟಕಿಯ ಮೇಲೆ ಹೊರಗೆ ಚಾಚಿದ ನೆರಳಿನ ಹಲಗೆ ಬೇಕು.

ದಕ್ಷಿಣದ ಕಿಟಕಿಗೆ ಡಿಸೆಂಬರ್ ಬಿಸಿಲೇ ಪರೀಕ್ಷೆ. ಆಗ ನಡುಹಗಲಲ್ಲೂ ಸೂರ್ಯ 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. 2 ಅಡಿ ಚಜ್ಜಾ ಎರಡೂವರೆ ಅಡಿಯಷ್ಟು ಮಾತ್ರ ನೆರಳು ಕೊಡುತ್ತದೆ. 4 ಅಡಿ ಎತ್ತರದ ಕಿಟಕಿ ಪೂರ್ತಿ ನೆರಳಲ್ಲಿರಬೇಕಾದರೆ ಚಜ್ಜಾ 3 ಅಡಿ ಇರಬೇಕು. ಪೂರ್ವ, ಪಶ್ಚಿಮಕ್ಕೆ ಚಜ್ಜಾ ಎಷ್ಟು ಉದ್ದ ಮಾಡಿದರೂ ಪ್ರಯೋಜನ ಇಲ್ಲ, ಬಿಸಿಲು ಅಡ್ಡಡ್ಡಲೇ ನುಗ್ಗುತ್ತದೆ. ಆ ಎರಡು ದಿಕ್ಕಿಗೆ ಜಗಲಿ, ಮೆಟ್ಟಿಲು, ಸ್ಟೋರು, ಶೌಚಾಲಯ ಹಾಕಿ. ಕಟ್ಟಡದ ಉದ್ದ ಪೂರ್ವ–ಪಶ್ಚಿಮವಾಗಿ ಮಲಗಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಬೆಳಕು ಒಳಗೆ ಎಷ್ಟು ದೂರ ಬರುತ್ತದೆ ಅನ್ನುವುದು ಕಿಟಕಿಯ ಮೇಲಂಚಿನ ಮೇಲೆ ನಿಂತಿದೆ. ಮೇಲಂಚು 7 ಅಡಿಯಲ್ಲಿದ್ದರೆ ಓದಲು ಸಾಕಾಗುವ ಬೆಳಕು 14–15 ಅಡಿವರೆಗೆ ಬರುತ್ತದೆ. ಅದನ್ನೇ ಎಂಟೂವರೆ ಅಡಿಗೆ ಏರಿಸಿದರೆ ಇನ್ನೂ ಒಂದು ಸಾಲು ಮೇಜಿಗೆ ಬೆಳಕು ಸಿಗುತ್ತದೆ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಂದರೆ ರಾಜ್ಯ ಕೇಂದ್ರ ಗ್ರಂಥಾಲಯ, 1915ರ ಕಟ್ಟಡ. ಅಲ್ಲಿಗೆ ಹೋದಾಗ ಹೊರಗಿನ ಕೆಂಪು ಬಣ್ಣವನ್ನಷ್ಟೇ ನೋಡಿ ಬರಬೇಡಿ. ತಲೆಯ ಮೇಲೆ ಎಷ್ಟು ಎತ್ತರ ಬಿಟ್ಟಿದ್ದಾರೆ ನೋಡಿ. ಆ ಎತ್ತರ ಅಂದಕ್ಕೆ ಮಾತ್ರ ಅಲ್ಲ, ಬಿಸಿ ಗಾಳಿ ಮೇಲೇರಲೂ ಅದು ಬೇಕು.

ಈಗ ಮೇಜು ಎಲ್ಲಿ, ರ‍್ಯಾಕ್ ಎಲ್ಲಿ? ಮೇಜು ಕಿಟಕಿಯ ಪಕ್ಕ. ರ‍್ಯಾಕ್ ಒಳಭಾಗದಲ್ಲಿ, ಕಿಟಕಿಯ ಗೋಡೆಗೆ ಲಂಬವಾಗಿ ನಿಲ್ಲಬೇಕು. ಆಗ ಬೆಳಕು ರ‍್ಯಾಕ್‌ಗಳ ನಡುವಿನ ದಾರಿಗೆ ನೇರ ಬರುತ್ತದೆ, ಪುಸ್ತಕದ ಬೆನ್ನಿಗೆ ಬಿಸಿಲು ಬೀಳುವುದಿಲ್ಲ. ಕಿಟಕಿಗೆ ಸಮಾನಾಂತರವಾಗಿ ಸಾಲು ನಿಲ್ಲಿಸಿದರೆ ಮೊದಲ ರ‍್ಯಾಕ್ ಬೆಳಕನ್ನೆಲ್ಲ ತಡೆದುಬಿಡುತ್ತದೆ. ಅದರ ಪುಸ್ತಕಗಳ ಬಣ್ಣ ಮಾಸುತ್ತದೆ, ಹಿಂದಿನವು ಕತ್ತಲಲ್ಲಿ ಉಳಿಯುತ್ತವೆ.

ಟ್ಯೂಬ್‌ಲೈಟನ್ನು ದಾರಿಯ ಉದ್ದಕ್ಕೆ ಹಾಕಿಸಿ, ರ‍್ಯಾಕಿನ ನೆತ್ತಿಯ ಮೇಲಲ್ಲ. ಮೇಜಿನ ಮೇಲೆ 300 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಬರಬೇಕು. ಇನ್ನೊಂದು ವಿಷಯ ಯಾರೂ ನಕ್ಷೆಯಲ್ಲಿ ನೋಡುವುದಿಲ್ಲ: ಫ್ಯಾನಿನ ರೆಕ್ಕೆಗಿಂತ ಮೇಲೆ ಟ್ಯೂಬ್‌ಲೈಟ್ ಇದ್ದರೆ ರೆಕ್ಕೆಯ ನೆರಳು ಪುಟದ ಮೇಲೆ ಪಟಪಟ ಓಡುತ್ತದೆ. ಅರ್ಧ ಗಂಟೆ ಓದಿದರೆ ಕಣ್ಣು ನೋವು, ತಲೆ ಭಾರ. ದಿನಕ್ಕೆ ಎಂಟು ಗಂಟೆ ಓದುವ ಹುಡುಗಿಗೆ ಇದು ಶಿಕ್ಷೆ. ಲೈಟು ರೆಕ್ಕೆಯ ಮಟ್ಟಕ್ಕಿಂತ ಕೆಳಗೆ ತೂಗಲಿ, ಇಲ್ಲವೇ ಫ್ಯಾನಿನಿಂದ ದೂರ ಗೋಡೆಯಲ್ಲಿರಲಿ. ಎಲೆಕ್ಟ್ರಿಷಿಯನ್‌ಗೆ ಫ್ಯಾನು ಮತ್ತು ಲೈಟು ಎರಡೂ ಒಂದೇ ಹಾಳೆಯಲ್ಲಿರುವ ನಕ್ಷೆ ಕೊಡಿ.

ನೀರು, ಬೂಷ್ಟು, ಗೆದ್ದಲು

ಬೆಂಕಿಗಿಂತ ಜಾಸ್ತಿ ಪುಸ್ತಕ ಹಾಳಾಗಿರುವುದು ನಮ್ಮ ಕಡೆ ನೀರಿನಿಂದ. ರ‍್ಯಾಕ್ ಇರುವ ಜಾಗದ ಮೇಲೆ ನೀರಿನ ಟ್ಯಾಂಕ್ ಬೇಡ. ಶೌಚಾಲಯದ ಗೋಡೆಗೆ ರ‍್ಯಾಕ್ ಒರಗಬಾರದು. ಮಳೆನೀರಿನ ಪೈಪು ಗೋಡೆಯ ಹೊರಗೇ ಇಳಿಯಲಿ, ಅಂದ ಕೆಡುತ್ತೆ ಅಂತ ಗೋಡೆಯೊಳಗೆ ಮುಚ್ಚಬೇಡಿ. ಪ್ಲಿಂತ್, ಅಂದರೆ ಕಟ್ಟಡದ ನೆಲದ ಎತ್ತರ, ಕನಿಷ್ಠ 2 ಅಡಿ, ಅದೂ ರಸ್ತೆಯ ಮಟ್ಟದಿಂದ ಲೆಕ್ಕ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಮೇಲೇರುತ್ತದೆ, ಕಟ್ಟಡ ಏರುವುದಿಲ್ಲ.

ಕರಾವಳಿ, ಮಲೆನಾಡಿನಲ್ಲಿ ಗೋಡೆ ಮಳೆಗಾಲವಿಡೀ ತಣ್ಣಗಿರುತ್ತದೆ. ಹೊರಗೋಡೆಗೆ ಅಂಟಿಸಿ ರ‍್ಯಾಕ್ ಇಟ್ಟರೆ ಹಿಂದಿನಿಂದ ಬೂಷ್ಟು ಶುರು. 4 ಇಂಚು ಜಾಗ ಬಿಡಿ, ಕೆಳಗಿನ ಅರೆ ನೆಲದಿಂದ 6 ಇಂಚು ಮೇಲಿರಲಿ. ಪುಸ್ತಕ ಭದ್ರವಾಗಿರಲಿ ಅಂತ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರಲ್ಲ, ಜೂನ್‌ನಲ್ಲಿ ಮುಚ್ಚಿದ್ದನ್ನು ಸೆಪ್ಟೆಂಬರ್‌ನಲ್ಲಿ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಹಿಂದೆ ಹಲಗೆಯಿಲ್ಲದ, ಗಾಳಿಯಾಡುವ ತೆರೆದ ರ‍್ಯಾಕೇ ಅಲ್ಲಿಗೆ ಸರಿ. ಮಾಡು ಇಳಿಜಾರಾಗಿರಲಿ, ಗೋಡೆಯಿಂದ 3 ಅಡಿಯಾದರೂ ಹೊರಗೆ ಚಾಚಲಿ. ಬರೀ ತಗಡಿನ ಶೀಟ್ ಹಾಕಬೇಡಿ. ಜುಲೈ ಮಳೆಯ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ, ಓದುವುದು ಎಲ್ಲಿಂದ ಬಂತು? ಮಂಗಳೂರು ಹೆಂಚು, ಅದರಡಿ ಹಲಗೆಯ ಸೀಲಿಂಗ್ ಇದ್ದರೆ ಸದ್ದೂ ಕಡಿಮೆ, ಕಾವೂ ಕಡಿಮೆ.

ಕಲಬುರಗಿ, ರಾಯಚೂರಿನ ಕಡೆ ಬೂಷ್ಟಿನ ಕಾಟ ಕಡಿಮೆ, ಅಲ್ಲಿ ಬಿಸಿಲು ಮತ್ತು ಧೂಳು. ದಪ್ಪ ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ನೆಲ, ಮೇಲೆ ಬಿಸಿ ಗಾಳಿ ಹೋಗಲು ವೆಂಟಿಲೇಟರ್, ರಸ್ತೆಯ ಕಡೆ ಕಿಟಕಿ ಕಡಿಮೆ. ತಾರಸಿಗೆ ಬಿಳಿ ಸುಣ್ಣ.

ಗೆದ್ದಲಿನ ಔಷಧ ಪಾಯ ತುಂಬುವಾಗಲೇ ಹಾಕಿಸಬೇಕು, ಆಮೇಲೆ ನೆಲ ಕೊರೆದು ಹಾಕಿಸುವುದು ದುಬಾರಿ. ವೆಂಟಿಲೇಟರ್‌ಗಳಿಗೆಲ್ಲ ಜಾಲರಿ ಹೊಡೆಸಿ. ಪಾರಿವಾಳ ಒಂದು ಸಲ ಒಳಗೆ ಗೂಡು ಕಟ್ಟಿದರೆ ಮುಗಿಯಿತು.

ಗ್ರಂಥಪಾಲಕರ ಮೇಜು

ಊರಿನ ಗ್ರಂಥಾಲಯದಲ್ಲಿ ಇರುವುದು ಒಬ್ಬರೇ. ಅವರು ಕೂತಲ್ಲಿಂದಲೇ ಬಾಗಿಲು, ಮಕ್ಕಳ ಮೂಲೆ, ಎಲ್ಲ ಮೇಜು, ರ‍್ಯಾಕಿನ ದಾರಿಗಳು ಕಾಣಬೇಕು. ನಕ್ಷೆಯಲ್ಲಿ ಅವರ ಕುರ್ಚಿಯಿಂದ ಸ್ಕೇಲ್ ಇಟ್ಟು ಗೆರೆ ಎಳೆದು ನೋಡಿ, ಎಲ್ಲಿ ಗೋಡೆಗೆ ತಾಗಿತೋ ಅಲ್ಲಿ ಮರೆ ಇದೆ ಅಂತ ಅರ್ಥ. ನಡುವೆ ಬರುವ ರ‍್ಯಾಕ್‌ಗಳು ನಾಲ್ಕೂವರೆ ಅಡಿಗಿಂತ ಎತ್ತರ ಬೇಡ. ಅವರ ಮೇಜೂ ಕಿಟಕಿಯ ಹತ್ತಿರವೇ ಇರಲಿ. ದಿನವಿಡೀ ಅಲ್ಲಿ ಇರುವವರು ಅವರೇ ಅಲ್ವಾ?

ಕಾಲೇಜಿನಲ್ಲಿ ಬೇರೆ ಸಮಸ್ಯೆ. ಪರೀಕ್ಷೆ ಬಂದರೆ ರಾತ್ರಿವರೆಗೂ ಕೂರಲು ಜಾಗ ಬೇಕು, ಆದರೆ ಪುಸ್ತಕ ಕೊಡುವ ಸಿಬ್ಬಂದಿ ಸಂಜೆಗೇ ಹೊರಡುತ್ತಾರೆ. ಓದುವ ಹಾಲು ಮತ್ತು ರ‍್ಯಾಕಿನ ಭಾಗದ ನಡುವೆ ಬೀಗ ಹಾಕಬಹುದಾದ ಬಾಗಿಲು ಇಟ್ಟು, ಹಾಲಿಗೆ ಬೇರೆ ಪ್ರವೇಶ ಕೊಡಿ. ಶೌಚಾಲಯ, ಕುಡಿಯುವ ನೀರು, ಬ್ಯಾಗ್ ಇಡುವ ಅರೆ ಹಾಲಿನ ಕಡೆಗೇ ಬರಲಿ. ಬೀಗ ಹಾಕುವ ಆಸೆಯಲ್ಲಿ ತುರ್ತು ಬಾಗಿಲು ಮುಚ್ಚಬೇಡಿ, ಅದು ಹೊರಕ್ಕೆ ತೆರೆಯಬೇಕು. ಕುರ್ಚಿಯ ಕಾಲಿಗೆ ರಬ್ಬರ್ ಬುಷ್ ಹಾಕಿಸಿ, ಟೈಲ್ಸ್ ನೆಲದ ಮೇಲೆ ಕುರ್ಚಿ ಎಳೆದ ಸದ್ದಿಗೆ ಇಡೀ ಹಾಲು ತಲೆ ಎತ್ತುತ್ತದೆ.

ಮುಂದೆ ಬೆಳೆಯಲು

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುತ್ತಲೇ ಇರುತ್ತದೆ ಅನ್ನುವುದು. ಕಟ್ಟುವವರು ಅದನ್ನು ಗೋಡೆಯಲ್ಲೇ ತೋರಿಸಬೇಕು. ಕಟ್ಟಡದ ಒಂದು ತುದಿಯ ಗೋಡೆಯನ್ನು ಖಾಲಿ ಬಿಡಿ. ಅಲ್ಲಿ ಶೌಚಾಲಯ, ಸೆಪ್ಟಿಕ್ ಟ್ಯಾಂಕ್, ಮೆಟ್ಟಿಲು, ಬೋರ್‌ವೆಲ್ ಯಾವುದೂ ಬರಬಾರದು. ಆ ಗೋಡೆ ಭಾರ ಹೊರದ ಇಟ್ಟಿಗೆ ಗೋಡೆಯಾಗಿರಲಿ, ಮುಂದೆ ಒಡೆದರೆ ಎರಡು ಕಂಬ ಉಳಿದು ಅದೇ 15 ಅಡಿಯ ಇನ್ನೊಂದು ಅಂಕಣ (ಕಂಬದಿಂದ ಕಂಬದವರೆಗಿನ ಭಾಗ) ಸೇರಿಸಬಹುದು.

ದುಡ್ಡು ಕಡಿಮೆ ಬಿದ್ದರೆ ಗಾಜು, ಫಾಲ್ಸ್ ಸೀಲಿಂಗ್, ಗ್ರಾನೈಟ್, ಕಂಪೌಂಡಿನ ಕಮಾನು ಬಿಡಿ. ಜಗಲಿ, ಚಜ್ಜಾ, ಶೌಚಾಲಯ, ಒಳ್ಳೆಯ ಕುರ್ಚಿ ಬಿಡಬೇಡಿ. ಕೊನೆಯ ಬಿಲ್ಲು ಪಾಸು ಮಾಡುವ ಮುಂಚೆ ಕಾಂಕ್ರೀಟ್ ತಾರಸಿಯಾದರೆ ನೀರು ಕಟ್ಟಿ ಎರಡು ದಿನ ಬಿಡಿ, ಕೆಳಗೆ ಒದ್ದೆ ಕಾಣುತ್ತದಾ ನೋಡಿ. ಸಂಜೆ ಫ್ಯಾನು, ಲೈಟು ಎಲ್ಲ ಹಾಕಿ ಪ್ರತಿ ಕುರ್ಚಿಯಲ್ಲೂ ಕೂತು ಒಂದೊಂದು ಪುಟ ಓದಿ. ಮತ್ತೆ ಪಾಯ, ಕಂಬ, ಕಬ್ಬಿಣದ ನಕ್ಷೆಗಳ ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಗ್ರಂಥಪಾಲಕರ ಕೈಗೆ ಕೊಡಿ. ಹದಿನೈದು ವರ್ಷ ಆದಮೇಲೆ ಆ ತುದಿಯ ಗೋಡೆ ಒಡೆಯಲು ಬರುವ ಎಂಜಿನಿಯರ್ ಮೊದಲು ಕೇಳುವುದು ಅದನ್ನೇ.